ಹಳೆಯ ಜೆಸಿಬಿ ಕೊಳ್ಳಬಹುದೆ? – ರೇಖಾತ್ಮಕ ಸಮೀಕರಣಗಳ ಜೋಡಿಗೆ ಊರಿನದೊಂದು ಲೆಕ್ಕ

ಪಾಠದ ಹಿನ್ನೆಲೆ

ಇಂಟರ್ನ್‌ಶಿಪ್ ಅವಧಿಯಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳನ್ನು ಬೋಧಿಸಿದೆ. ಮಕ್ಕಳು ಆದೇಶ ವಿಧಾನ, ವರ್ಜಿಸುವ ವಿಧಾನ ಎರಡರಲ್ಲೂ ಉತ್ತರ ತರುತ್ತಿದ್ದರು. ಬಂದ ಉತ್ತರದಿಂದ ಏನು ತೀರ್ಮಾನ ಮಾಡಬಹುದು ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತಿತ್ತು.

ಪಾಠಯೋಜನೆಯಲ್ಲಿ ‘ಸ್ಥಳೀಯ ಸಂದರ್ಭದ ಬಳಕೆ’ ಎಂದು ನಾವೆಲ್ಲ ಬರೆಯುತ್ತೇವೆ. ಬಹಳ ಸಲ ಅದರ ಅರ್ಥ ಸೇಬಿನ ಜಾಗದಲ್ಲಿ ಕಬ್ಬು ಬರೆಯುವುದು ಅಷ್ಟೆ. ಊರಿನ ವಸ್ತುವಿನ ಜೊತೆಗೆ ಊರಿನ ಪ್ರಶ್ನೆಯನ್ನೂ ತರಗತಿಗೆ ತಂದಾಗ ಮಾತ್ರ ಗಣಿತ ತೀರ್ಮಾನದ ಸಾಧನವಾಗುತ್ತದೆ ಎಂಬುದು ಈ ಪಾಠದಿಂದ ನಾನು ಕಂಡುಕೊಂಡ ವಿಷಯ.

ವಸ್ತುವಿನ ಆಯ್ಕೆ

ಗದ್ದೆ ಮಟ್ಟ ಮಾಡಲು, ಮನೆಯ ಪಾಯ ತೆಗೆಯಲು, ಕಾಲುವೆಯ ಹೂಳೆತ್ತಲು ಈ ಭಾಗದಲ್ಲಿ ಕರೆಸುವುದು ಜೆಸಿಬಿಯನ್ನೇ. ಮುಂದೆ ಮಣ್ಣು ತುಂಬುವ ದೊಡ್ಡ ಬಕೆಟ್, ಹಿಂದೆ ಅಗೆಯುವ ತೋಳು ಇರುವ ಈ ಯಂತ್ರದ ನಿಜವಾದ ಹೆಸರು ಬ್ಯಾಕ್‌ಹೋ ಲೋಡರ್. ಜೆಸಿಬಿ ಎಂಬುದು 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಆರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅವರ ಹೆಸರಿನ ಮೊದಲಕ್ಷರಗಳು. ಕಂಪನಿ 1979ರಲ್ಲಿ ಭಾರತಕ್ಕೆ ಬಂತು. ಹರಿಯಾಣದ ಬಲ್ಲಭಗಢದಲ್ಲಿ ಯಂತ್ರ ತಯಾರಾಗತೊಡಗಿತು. ಈಗ ಯಾವ ಕಂಪನಿಯದಾದರೂ ನಮಗೆ ಜೆಸಿಬಿಯೇ.

ಹೊಸದನ್ನು ಕೊಳ್ಳಲಾಗದವರು ಹಳೆಯ ಯಂತ್ರ ಮಾರುವ ಡೀಲರುಗಳ ಬಳಿ ಹೋಗುತ್ತಾರೆ. ಸ್ವಲ್ಪ ಕೈಯಿಂದ, ಉಳಿದದ್ದು ಸಾಲ. ಯಂತ್ರ ದುಡಿದರೆ ಮನೆ ನಿಲ್ಲುತ್ತದೆ, ನಿಂತುಬಿಟ್ಟರೆ ಕಂತು ನಿಲ್ಲುವುದಿಲ್ಲ. ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಒಡವೆ ಅಡವಿಟ್ಟು ಇಂಥದೊಂದು ಯಂತ್ರ ಕೊಳ್ಳುವ ಮಾತು ಆಗಲೇ ನಡೆದಿತ್ತು. ಇದು ನನಗೆ ಪಾಠದ ನಡುವೆ ತಿಳಿಯಿತು.

ಕಲಿಕಾ ಫಲಗಳು

1. ಸ್ಥಿರ ಖರ್ಚು ಮತ್ತು ಗಂಟೆಗೆ ತಕ್ಕಂತೆ ಏರುವ ಖರ್ಚನ್ನು ಬೇರ್ಪಡಿಸಿ ಸಮೀಕರಣ ರಚಿಸುವುದು.
2. ಎರಡು ರೇಖೆಗಳ ಛೇದನ ಬಿಂದುವನ್ನು ಸಂದರ್ಭಕ್ಕೆ ತಕ್ಕಂತೆ ಅರ್ಥೈಸುವುದು.
3. ಸಮೀಕರಣದೊಳಗೆ ಹಾಕಿದ ಅಂಕಿ ಎಷ್ಟು ನಂಬಲರ್ಹ ಎಂದು ಪರೀಕ್ಷಿಸುವುದು.

ಮೂರನೆಯದು ಪಠ್ಯಪುಸ್ತಕದಲ್ಲಿ ಇಲ್ಲ. ಪಾಠದ ತಿರುಳು ಅದೇ ಆಯಿತು.

ಮೊದಲ ಅವಧಿ: ಅಂಕಿಗಳನ್ನು ಕೂಡಿಸುವುದು

ಗಂಟೆಗೆ ಬಾಡಿಗೆ ಎಷ್ಟು, ಡೀಸೆಲ್ ಎಷ್ಟು ಹಿಡಿಯುತ್ತದೆ, ಡ್ರೈವರಿಗೆ ಸಂಬಳ ಎಷ್ಟು ಎಂದು ಹಿಂದಿನ ದಿನವೇ ಮನೆಯಲ್ಲಿ, ಬೀದಿಯಲ್ಲಿ ಕೇಳಿ ಬರಲು ಹೇಳಿದ್ದೆ. ಬಂದ ಉತ್ತರಗಳು ಒಂದೇ ಆಗಿರಲಿಲ್ಲ. ಚರ್ಚಿಸಿ, ಲೆಕ್ಕ ಸುಲಭವಾಗುವಂತೆ ಈ ಅಂಕಿಗಳನ್ನು ಇಟ್ಟುಕೊಂಡೆವು: ಬಾಡಿಗೆ ಗಂಟೆಗೆ 1,100 ರೂ.; ಡೀಸೆಲ್ ಗಂಟೆಗೆ 5 ಲೀಟರ್, ಲೀಟರಿಗೆ 90 ರೂ., ಅಂದರೆ 450 ರೂ.; ಡ್ರೈವರಿಗೆ ತಿಂಗಳಿಗೆ 20,000 ರೂ.; ವಿಮೆ ಮತ್ತು ಇತರೆ ತಿಂಗಳಿಗೆ 4,000 ರೂ.

ಯಂತ್ರಗಳು ಎರಡು, ಎರಡೂ ಹಳೆಯವೇ. ‘ಅ’ ಎಂಬುದು 8 ವರ್ಷದ್ದು, ಬೆಲೆ 12 ಲಕ್ಷ, ರಿಪೇರಿ ಗಂಟೆಗೆ 200 ರೂ. ‘ಆ’ ಎಂಬುದು 3 ವರ್ಷದ್ದು, ಬೆಲೆ 16.5 ಲಕ್ಷ, ರಿಪೇರಿ ಗಂಟೆಗೆ 50 ರೂ. ಎರಡಕ್ಕೂ ಕೈಯಿಂದ 3 ಲಕ್ಷ. ಉಳಿದದ್ದಕ್ಕೆ 3 ವರ್ಷ, ಶೇಕಡಾ 12ರಂತೆ ಸರಳ ಬಡ್ಡಿ. ಮಕ್ಕಳು ಕಂತು ಲೆಕ್ಕ ಹಾಕಿದರು. ‘ಅ’ಗೆ 9 ಲಕ್ಷ ಸಾಲ, 3.24 ಲಕ್ಷ ಬಡ್ಡಿ, 36 ಕಂತು, ತಿಂಗಳಿಗೆ 34,000 ರೂ. ‘ಆ’ಗೆ 13.5 ಲಕ್ಷ ಸಾಲ, 4.86 ಲಕ್ಷ ಬಡ್ಡಿ, ತಿಂಗಳಿಗೆ 51,000 ರೂ.

ಇಲ್ಲಿ ಒಂದು ವಿಸ್ತರಣೆ ಸಾಧ್ಯ. ಪ್ರತಿ ತಿಂಗಳು ಅಸಲು ಕರಗುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಸಾಲದ ಮೇಲೆಯೇ ಹಾಕಿದ್ದೇವೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಪದ್ಧತಿಗೆ ಹೋಲಿಸಿದರೆ ಈ ಶೇಕಡಾ 12 ಎಂಬುದು ವಾಸ್ತವವಾಗಿ ಸುಮಾರು ಶೇಕಡಾ 21ಕ್ಕೆ ಸಮ. ಸಾಲ ಕೊಡುವವರನ್ನು ‘ಬಡ್ಡಿ ಎಷ್ಟು?’ ಎಂದು ಕೇಳಿದರೆ ಸಾಲದು, ‘ಯಾವುದರ ಮೇಲೆ?’ ಎಂದೂ ಕೇಳಬೇಕು.

ಎರಡನೆಯ ಅವಧಿ: ಸಮೀಕರಣ ಮತ್ತು ನಕ್ಷೆ

ತಿಂಗಳಿಗೆ ಓಡಿದ ಗಂಟೆಗೆ ‘ಗ’, ಉಳಿಯುವ ಹಣಕ್ಕೆ ‘ಉ’ ಎಂದು ಚರಾಕ್ಷರ ಇಟ್ಟೆವು.

‘ಅ’ ಯಂತ್ರ: ಉ = 450 ಗ – 58,000
‘ಆ’ ಯಂತ್ರ: ಉ = 600 ಗ – 75,000

ನಷ್ಟವೂ ಇಲ್ಲ ಲಾಭವೂ ಇಲ್ಲ ಎನ್ನುವ ಹಂತ ‘ಅ’ಗೆ ಸುಮಾರು 129 ಗಂಟೆ, ‘ಆ’ಗೆ 125 ಗಂಟೆ. ಎರಡು ರೇಖೆಗಳು ಕೂಡುವುದು ಸುಮಾರು 113 ಗಂಟೆಯಲ್ಲಿ. ಛೇದನ ಬಿಂದು ಎಂದರೆ ಲಾಭ ಆರಂಭವಾಗುವ ಜಾಗ ಎಂದು ಹಲವರು ಬರೆದರು. ಬೆಲೆ ಹಾಕಿ ನೋಡಿ ಎಂದೆ. ಆ ಬಿಂದುವಿನಲ್ಲಿ ಉ = –7,000! ಅಲ್ಲಿ ಎರಡೂ ಯಂತ್ರಗಳು ಸಮನಾಗಿ ನಷ್ಟ ಮಾಡುತ್ತವೆ. ಅದಕ್ಕಿಂತ ಕಡಿಮೆ ಓಡಿದರೆ ‘ಅ’ಯದು ಸಣ್ಣ ನಷ್ಟ, ಹೆಚ್ಚು ಓಡಿದರೆ ‘ಆ’ ಮೇಲು. ಬೆಲೆ ಕಡಿಮೆ ಇದ್ದದ್ದೇ ಅಗ್ಗ ಎಂಬ ನಂಬಿಕೆ ಇಲ್ಲಿ ಅಲುಗಿತು.

ತಿಂಗಳಿಗೆ 129 ಗಂಟೆ ಕೆಲಸ ಸಿಗುವುದೆ ಎಂಬ ಚರ್ಚೆ ತಾನಾಗಿ ಎದ್ದಿತು. “ನಾಲೆಗೆ ನೀರ್ ಬುಟ್ಟು ನಾಟಿ ಆದ್‌ಮೇಲೆ ಗದ್ದೆ ಕೆಲ್ಸ ಎಲ್ಲದೆ ಸಾ?” ಎಂದು ಒಬ್ಬ ಕೇಳಿದ. ತಾಯಿ ನರೇಗಾ ಕೂಲಿಗೆ ಹೋಗುವ ಹುಡುಗಿಯೊಬ್ಬಳು, ಆ ಕೆಲಸಕ್ಕೆ ಜೆಸಿಬಿ ತರುವ ಹಾಗಿಲ್ಲವಲ್ಲ ಎಂದಳು. ಅವಳ ಮಾತು ಸರಿ. ಕೂಲಿಯವರ ಕೆಲಸ ಕಸಿಯುವ ಯಂತ್ರಗಳನ್ನು ಆದಷ್ಟು ಮಟ್ಟಿಗೆ ಬಳಸಬಾರದೆಂಬ ನಿಬಂಧನೆ 2005ರ ಕಾಯ್ದೆಯಲ್ಲೇ ಇತ್ತು. ಒಬ್ಬರ ಬಾಡಿಗೆಯ ಗಂಟೆ ಇನ್ನೊಬ್ಬರ ಕೂಲಿಯ ದಿನವೂ ಆಗಿರಬಹುದು ಎಂಬುದು ತರಗತಿಗೆ ಅವಳಿಂದಲೇ ತಿಳಿಯಿತು.

ಮೂರನೆಯ ಅವಧಿ: ಮೀಟರಿನ ಮಾತು ನಿಜವೆ?

ಜೆಸಿಬಿಯ ವಯಸ್ಸನ್ನು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ಅದನ್ನು ತೋರಿಸುವುದು ಅವರ್ ಮೀಟರ್. ‘ಅ’ ಯಂತ್ರದ ಮೀಟರ್ 4,800 ಗಂಟೆ ತೋರಿಸುತ್ತಿದೆ ಎಂದು ಕೊಟ್ಟು, ತಿಂಗಳಿಗೆ ಸರಾಸರಿ ಎಷ್ಟು ಎಂದು ಕೇಳಿದೆ. 8 ವರ್ಷಕ್ಕೆ 96 ತಿಂಗಳು. ತಿಂಗಳಿಗೆ 50 ಗಂಟೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಐವತ್ತು ಗಂಟೆ ಓಡ್ಸಿ ಮೊದ್ಲನೋರು ಕಂತು ಹೆಂಗ್ ಕಟ್ಟುದ್ರು ಸಾ?”

ಇನ್ನೊಬ್ಬ ಉತ್ತರ ಕೊಟ್ಟ: ಕಂತು ಇರುವವರೆಗೆ ಜೋರಾಗಿ ಓಡಿಸಿ, ತೀರಿದ ಮೇಲೆ ನಿಲ್ಲಿಸಿರಬಹುದು. ಇದನ್ನೂ ಪರೀಕ್ಷಿಸಿದೆವು. ಹೊಸದಾಗಿ ಕೊಂಡವರ ಕಂತು ನಮ್ಮದಕ್ಕಿಂತ ಹೆಚ್ಚೇ ಇದ್ದಿರಬೇಕು. ಆದರೂ ನಮ್ಮ 129 ಗಂಟೆಯನ್ನೇ 36 ತಿಂಗಳಿಗೆ ಹಿಡಿದರೆ 4,644 ಗಂಟೆ. ಉಳಿದ 5 ವರ್ಷಕ್ಕೆ ಸಿಗುವುದು 156 ಗಂಟೆ, ತಿಂಗಳಿಗೆ ಮೂರು ಗಂಟೆಯೂ ಇಲ್ಲ. ಹಾಗಾದರೆ ಯಂತ್ರ ಐದು ವರ್ಷ ಹೆಚ್ಚುಕಡಿಮೆ ನಿಂತಿತ್ತು, ಇಲ್ಲವೆ ಮಾಲೀಕರಿಗೆ ಬೇರೆ ಆದಾಯವಿತ್ತು, ಇಲ್ಲವೆ ಮೀಟರ್ ಕೆಟ್ಟಿತ್ತು ಅಥವಾ ಬದಲಾಗಿದೆ. ಲೆಕ್ಕದಿಂದ ಯಾರ ಮೇಲೂ ಮೋಸದ ಆರೋಪ ಹೊರಿಸಲಾಗದು. ಯಾವ ಪ್ರಶ್ನೆ ಕೇಳಬೇಕೆಂದು ಮಾತ್ರ ಅದು ತೋರಿಸಿತು: ಸರ್ವಿಸ್ ಬಿಲ್‌ಗಳು ಎಲ್ಲಿ? ಪ್ರತಿ ಬಿಲ್ಲಿನಲ್ಲಿ ಬರೆದ ಗಂಟೆ ಎಷ್ಟು?

ಮೀಟರ್ ತಪ್ಪಾಗಿದ್ದರೆ ಏನಾಗುತ್ತದೆ? ಯಂತ್ರ ಹೆಚ್ಚು ಸವೆದಿದ್ದರೆ ರಿಪೇರಿ 200ರ ಬದಲು 350 ಆಗಬಹುದು ಎಂದಿಟ್ಟುಕೊಂಡೆವು. ಸಮೀಕರಣ ಉ = 300 ಗ – 58,000 ಆಯಿತು. ತಿಂಗಳಿಗೆ 140 ಗಂಟೆ ಕೆಲಸ ಸಿಕ್ಕರೆ ಮೊದಲ ಲೆಕ್ಕದಲ್ಲಿ 5,000 ರೂ. ಉಳಿಯುತ್ತಿತ್ತು; ಈಗ 16,000 ರೂ. ನಷ್ಟ. ಸರಿದೂಗಲು 194 ಗಂಟೆ ಬೇಕು. ಬಿಡಿಸುವ ವಿಧಾನದಲ್ಲಿ ತಪ್ಪಿಲ್ಲ, ಕೂಡಿಸಿದ್ದರಲ್ಲಿ ತಪ್ಪಿಲ್ಲ. ಒಂದು ಅಂಕಿ ಬದಲಾಯಿತು, ತೀರ್ಮಾನ ತಲೆಕೆಳಗಾಯಿತು.

ನಾಲ್ಕನೆಯ ಅವಧಿ: ಯಂತ್ರದ ಮುಂದೆ

ಮುಖ್ಯ ಶಿಕ್ಷಕರ ಅನುಮತಿ ಪಡೆದು, ಊರಿನ ಒಬ್ಬ ಅನುಭವಿ ಡ್ರೈವರನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆದೆವು. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ಹೋಗಬಾರದು ಎಂಬುದು ಅವರ ಮೊದಲ ಮಾತು. ಮಕ್ಕಳು ಸುಣ್ಣದ ಗೆರೆಯ ಆಚೆ ನಿಂತು ನೋಡಿದರು.

ಮೀಟರನ್ನು ಬದಲಿಸಬಹುದು, ಸವೆತವನ್ನು ಮುಚ್ಚಿಡುವುದು ಕಷ್ಟ ಎಂದು ಅವರು ತೋರಿಸಿದರು. ಹಿಂದಿನ ತೋಳಿನ ಕೀಲುಗಳಲ್ಲಿ ಪಿನ್ನು ಮತ್ತು ಬುಷ್ ಸವೆದಿದ್ದರೆ ತೋಳು ಅಲುಗಾಡುತ್ತದೆ. ತಣ್ಣಗಿರುವ ಎಂಜಿನನ್ನೇ ಸ್ಟಾರ್ಟ್ ಮಾಡಿಸಿ ನೋಡಬೇಕು. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಬಕೆಟ್ಟನ್ನು ನೆಲದಿಂದ ಎರಡು ಅಡಿ ಎತ್ತಿ ಎಂಜಿನ್ ನಿಲ್ಲಿಸಿದರು. ಪಕ್ಕದಲ್ಲಿ ನೆಟ್ಟ ಅಳತೆ ಕೋಲಿನಲ್ಲಿ ಐದೈದು ನಿಮಿಷಕ್ಕೆ ಎತ್ತರ ಗುರುತಿಸಿದೆವು. ಸಿಲಿಂಡರಿನ ಸೀಲು ಅಥವಾ ವಾಲ್ವಿನಲ್ಲಿ ಎಣ್ಣೆ ಜಾರಿದರೆ ಬಕೆಟ್ ಬೇಗ ಬೇಗ ಇಳಿಯುತ್ತದೆ. ಎಂಟನೆಯ ತರಗತಿಯಲ್ಲಿ ಓದಿದ ದ್ರವದ ಒತ್ತಡ ಇಲ್ಲಿ ಕಣ್ಣಿಗೆ ಕಂಡಿತು.

ಕೊನೆಗೆ ಕಾಗದಪತ್ರ. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆ ಯಂತ್ರದ ಮೇಲಿನದಕ್ಕೆ ಹೊಂದಬೇಕು. ಹಳೆಯ ಮಾಲೀಕರ ಸಾಲದ ನಮೂದು ಇದ್ದರೆ ಫಾರಂ 35 ಮತ್ತು ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರದಿಂದ ಅದನ್ನು ತೆಗೆಸಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಸಾಲ ತೀರದ ಯಂತ್ರವನ್ನು ಕೊಂಡರೆ, ಕೊಂಡವರು ಪೂರ್ತಿ ದುಡ್ಡು ಕೊಟ್ಟಿದ್ದರೂ ಸಾಲ ಕೊಟ್ಟವರು ಯಂತ್ರ ಎಳೆದೊಯ್ಯುವ ಅಪಾಯ ಉಂಟು.

ಮೌಲ್ಯಮಾಪನ ಮತ್ತು ಅವಲೋಕನ

ಬರವಣಿಗೆಯ ಪರೀಕ್ಷೆಗೆ ಒಂದೇ ಪ್ರಶ್ನೆ ಕೊಟ್ಟೆ: “ಈ ಲೆಕ್ಕದಲ್ಲಿ ನೀವು ಎಲ್ಲಕ್ಕಿಂತ ಕಡಿಮೆ ನಂಬುವ ಅಂಕಿ ಯಾವುದು? ಅದು ಬದಲಾದರೆ ತೀರ್ಮಾನ ಬದಲಾಗುತ್ತದೆಯೆ? ಅದನ್ನು ಖಚಿತಪಡಿಸಿಕೊಳ್ಳುವ ಬಗೆ ಹೇಗೆ?” ಬಹುತೇಕರು ರಿಪೇರಿ ಖರ್ಚು ಅಥವಾ ಕೆಲಸದ ಗಂಟೆಯನ್ನು ಆರಿಸಿ ಹೊಸ ಸಮೀಕರಣ ಬರೆದರು. ಲೆಕ್ಕದಲ್ಲಿ ಹಿಂದುಳಿದವನೆಂದು ಹೆಸರಾಗಿದ್ದ ಹುಡುಗನೊಬ್ಬ, ಮೂರು ವರ್ಷದ ಮೇಲೆ ಯಂತ್ರ ಮಾರಿದರೆ ಬರುವ ಹಣ ಸಮೀಕರಣದಲ್ಲೇ ಇಲ್ಲ ಎಂದು ಬರೆದಿದ್ದ. ಮುಂದಿನ ಪಾಠಕ್ಕೆ ಅದೇ ಆರಂಭ.

ಒಡವೆ ಅಡವಿಡುವ ಮಾತಿದ್ದ ಮನೆಯ ವಿದ್ಯಾರ್ಥಿನಿ ಪಾಠದ ನಂತರ ನೇರವಾಗಿ ಕೇಳಿದಳು: “ತಗೋಬೋದಾ ಬೇಡ್ವಾ ಸಾ?” ಒಂದು ಕುಟುಂಬದ ಸಾಲದ ವಿಷಯದಲ್ಲಿ ಹೌದು ಅಥವಾ ಅಲ್ಲ ಎನ್ನುವುದು ಪ್ರಶಿಕ್ಷಣಾರ್ಥಿಯ ಕೆಲಸವಲ್ಲ ಎಂದು ನಾನು ಭಾವಿಸುತ್ತೇನೆ. ಅಂಕಿಗಳ ಜಾಗವನ್ನು ಖಾಲಿ ಬಿಟ್ಟ ಲೆಕ್ಕದ ಹಾಳೆಯೊಂದನ್ನು ಕೊಟ್ಟು, ಅಪ್ಪನ ಜೊತೆ ಕೂತು ತುಂಬಲು ಹೇಳಿದೆ. ಮಾರುವವರ ಹತ್ತಿರ ಸರ್ವಿಸ್ ಬಿಲ್ ಕೇಳಿದ್ದಾರೆ, ಅದು ಬರುವ ತನಕ ಮುಂಗಡ ಕೊಡುವುದಿಲ್ಲವಂತೆ ಎಂದು ವಾರದ ನಂತರ ಬಂದು ಹೇಳಿದಳು. ನನ್ನ ಇಂಟರ್ನ್‌ಶಿಪ್ ಮುಗಿಯುವವರೆಗೆ ವಿಷಯ ಅಲ್ಲಿಗೇ ನಿಂತಿತ್ತು.

ಸಹಪ್ರಶಿಕ್ಷಣಾರ್ಥಿಗಳಿಗೆ ಎರಡು ಸೂಚನೆ. ಅಂಕಿಗಳನ್ನು ಮಕ್ಕಳೇ ತರಲಿ. ಒಂದಕ್ಕೊಂದು ಹೊಂದದ ಅಂಕಿಗಳು ಬಂದಾಗಲೇ ಚರ್ಚೆ ಹುಟ್ಟುತ್ತದೆ. ಯಾರ ಮನೆಯ ಸಾಲವನ್ನೂ ತರಗತಿಯ ಉದಾಹರಣೆ ಮಾಡಬೇಡಿ. ಕಲ್ಪಿತ ಯಂತ್ರ ಸಾಕು, ಬೇಕಾದವರು ತಮ್ಮ ಮನೆಗೆ ಅನ್ವಯಿಸಿಕೊಳ್ಳುತ್ತಾರೆ. ಜೆಸಿಬಿಯ ಜಾಗದಲ್ಲಿ ನಿಮ್ಮ ಊರಿಗೆ ತಕ್ಕಂತೆ ಟ್ರ್ಯಾಕ್ಟರ್, ಹಾಲು ಕರೆಯುವ ಯಂತ್ರ ಅಥವಾ ಕೊಳವೆಬಾವಿ ಇಟ್ಟುಕೊಂಡರೂ ಈ ನಾಲ್ಕು ಅವಧಿಗಳ ಕ್ರಮ ಹಾಗೆಯೇ ನಡೆಯುತ್ತದೆ. ಸಮಯ ಸಾಲದಿದ್ದರೆ ನಾಲ್ಕನೆಯ ಅವಧಿ ಬಿಡಬಹುದು; ಮೂರನೆಯದನ್ನು ಬಿಡಬೇಡಿ.