ಪ್ರಾಣಿದಯೆ ಮತ್ತು ಪ್ರಯೋಗಶಾಲೆಯ ಮೂಕಜೀವಿಗಳು

ಶರಣಧರ್ಮದಲ್ಲಿ ದಯೆಯೆಂಬುದು ಹೃದಯದಲ್ಲಿ ಹುಟ್ಟಿ ಅಲ್ಲಿಯೇ ಅಡಗತಕ್ಕ ಭಾವವಲ್ಲ. ಆಚಾರವಾಗಿ ಪ್ರಕಟವಾಗಬೇಕಾದ ವ್ರತವು. ಬಸವಣ್ಣನವರು ದಯೆಯನ್ನು ಧರ್ಮವೃಕ್ಷದ ಬೇರಿನ ಸ್ಥಾನದಲ್ಲಿರಿಸಿದರು. ಆ ದಯೆಗೆ ಮನುಷ್ಯಜಾತಿಯೆಂಬ ಎಲ್ಲೆಯನ್ನು ಕಟ್ಟಲಿಲ್ಲ. ಬಲಿಗೆಂದು ತಂದ ಕುರಿಯು ತನ್ನ ಮೃತ್ಯುವನ್ನರಿಯದೆ ಎಳೆಯ ಎಲೆಗಳನ್ನು ತಿನ್ನುತ್ತಿರುವುದನ್ನು ಅವರು ಒಂದು ವಚನದಲ್ಲಿ ಚಿತ್ರಿಸಿ, ಕೊಲ್ಲುವವರಾದರೂ ಶಾಶ್ವತರೇ ಎಂದು ವಿಚಾರಕ್ಕೆ ಹಚ್ಚಿರುವರು. ಆ ಕುರಿಯು ಎಲ್ಲರ ಕಣ್ಣಮುಂದಿತ್ತು. ನಮ್ಮ ಕಾಲದ ಎಷ್ಟೋ ಮೂಕಜೀವಿಗಳು ಪ್ರಯೋಗಶಾಲೆಯ ಗೋಡೆಗಳ ಮರೆಯಲ್ಲಿರುವುವು.

1944ರಲ್ಲಿ ಅಮೆರಿಕಾ ದೇಶದ ಡ್ರೇಜ್ ಎಂಬ ವಿಜ್ಞಾನಿಯು ಒಂದು ಪರೀಕ್ಷಾಕ್ರಮವನ್ನು ರೂಪಿಸಿದನು. ಮೊಲದ ಕಣ್ಣಿನಲ್ಲಿ ಪರೀಕ್ಷ್ಯವಸ್ತುವನ್ನು ಹಾಕಿ, ಉರಿ ಊತಗಳನ್ನು ದಿನಗಟ್ಟಲೆ ಗಮನಿಸುವುದೇ ಆ ಕ್ರಮವು. ಮುಖಕ್ಕೆ ಹಚ್ಚುವ ಬಣ್ಣಗಳಿಗಾಗಿಯೂ ಇದು ಬಹುಕಾಲ ನಡೆದುಬಂದಿತು. ಔಷಧಗಳ ವಿಷಪರೀಕ್ಷೆಗೆ ಬೀಗಲ್ ಎಂಬ ನಾಯಿಯನ್ನು ಬಳಸುವರು. ಇದನ್ನೇ ಆರಿಸಲು ಮುಖ್ಯ ಕಾರಣವೊಂದು ಇದರ ಸಾಧುಸ್ವಭಾವವು. ನೋಯಿಸಿದ ಕೈಯನ್ನೂ ಇದು ಸುಲಭವಾಗಿ ಕಚ್ಚದು. ಎಲೆ ತಿನ್ನುವ ಕುರಿಗೂ ಬಾಲವಾಡಿಸುವ ಈ ನಾಯಿಗೂ ಏನು ಭೇದ? ನಂಬಿದ ಜೀವಿಯ ನಂಬುಗೆಯೇ ಅದಕ್ಕೆ ಪಾಶವಾಗುವುದನ್ನು ಭಕ್ತನಾದವನು ಹೇಗೆ ಸಹಿಸಿಯಾನು?

ಹೀಗೆ ಸಹಿಸದವರಿಂದಲೇ ಲೋಕದಲ್ಲಿ ಕೆಲವು ಸುಧಾರಣೆಗಳಾಗಿವೆ. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾನೂನು ಬಂದಿತು. ಪುಸ್ತಕ, ಪ್ರತಿಕೃತಿ, ಚಲನಚಿತ್ರಗಳಿಂದ ಕಲಿಸಬಹುದಾದುದಕ್ಕೆ ಪ್ರಾಣಿಗಳನ್ನು ಬಳಸದಂತೆ ನೋಡಿಕೊಳ್ಳಬೇಕೆಂಬ ತತ್ತ್ವವು ಅದರಲ್ಲಿಯೇ ಇದೆ. ಸೌಂದರ್ಯಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನಮ್ಮ ದೇಶದಲ್ಲಿ 2014ರಲ್ಲಿ ನಿಷಿದ್ಧವಾಯಿತು. ಹಾಗೆ ಪರೀಕ್ಷಿಸಿದ ಸಾಮಗ್ರಿಗಳ ಆಮದೂ ಅದೇ ವರ್ಷ ನಿಷೇಧಕ್ಕೊಳಗಾಯಿತು. 2016ರಲ್ಲಿ ಬೆಂಗಳೂರಿನ ಪ್ರಯೋಗಶಾಲೆಯೊಂದರಿಂದ 150ಕ್ಕೂ ಹೆಚ್ಚು ಬೀಗಲ್ ನಾಯಿಗಳು ಬಿಡುಗಡೆ ಹೊಂದಿದುವು; ಕ್ಯೂಪಾ ಎಂಬ ಅಲ್ಲಿನ ದಯಾಸಂಸ್ಥೆಯು ಅವುಗಳಿಗೆ ಗೃಹಸ್ಥರ ಮನೆಗಳನ್ನು ಹುಡುಕುವ ಹೊಣೆಯನ್ನು ಹೊತ್ತಿತು.

ಇಲ್ಲಿ ಒಂದು ಆಕ್ಷೇಪವು ಬರುವುದು: "ಮಗುವಿಗೆ ಜ್ವರ ಬಂದರೆ ಔಷಧ ಬೇಡವೇ? ಆ ಔಷಧವೂ ಪ್ರಾಣಿಗಳ ಮೇಲೆ ಪರೀಕ್ಷಿಸಲ್ಪಟ್ಟುದಲ್ಲವೇ?" ಈ ಪ್ರಶ್ನೆಯನ್ನು ಮರೆಮಾಚಲಾಗದು. ಮಗುವಿಗೆ ಔಷಧವನ್ನು ಕೊಡಲೇಬೇಕು, ಶರೀರರಕ್ಷಣೆಯೂ ಧರ್ಮವೇ. ಆದರೆ ಋಣವಿದೆಯೆಂದು ಅರಿತು ತೆಗೆದುಕೊಳ್ಳುವುದು ಬೇರೆ, ಋಣವೇ ಇಲ್ಲವೆಂಬಂತೆ ಬಾಳುವುದು ಬೇರೆ. ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿಜ್ಞಾನಿಗಳು 1959ರಲ್ಲಿಯೇ ಮೂರು ಸೂತ್ರಗಳನ್ನು ಹೇಳಿದರು: ಪ್ರಾಣಿಯ ಬದಲಿಗೆ ಅನ್ಯಮಾರ್ಗವನ್ನು ಹಿಡಿಯುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಮೆ ಮಾಡುವುದು. 2023ರಲ್ಲಿ ಭಾರತದ ಔಷಧ ನಿಯಮಗಳು ಜೀವಕೋಶಗಳ ಮೇಲಣ ಪರೀಕ್ಷೆಯೇ ಮೊದಲಾದ ಅನ್ಯಮಾರ್ಗಗಳಿಗೆ ಅವಕಾಶವಿತ್ತವು. ಋಣವನ್ನು ತೀರಿಸುವ ದಾರಿಯು ಹೀಗೆ ತೆರೆದಿರುವುದು. ಆ ದಾರಿಯು ವಿಸ್ತಾರವಾಗಲೆಂದು ಕೇಳುವುದು ನಮ್ಮ ಪಾಲಿನ ಕರ್ತವ್ಯ.

ಸದ್ಭಕ್ತರಾದ ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದು ಸದಾಚಾರ. ಮನೆ ತೊಳೆಯುವ ದ್ರವ್ಯವನ್ನು ಕೊಳ್ಳುವಾಗ ಅದು ಪ್ರಾಣಿಗಳ ಮೇಲೆ ಪರೀಕ್ಷಿಸಿದುದೋ ಅಲ್ಲವೋ ಎಂದು ವಿಚಾರಿಸಬೇಕು. ಇಂತಹ ನಿಷೇಧವಿಲ್ಲದ ಹೊರದೇಶಗಳಲ್ಲಿ ನೆಲಸಿದ ಬಂಧುಗಳು ಸೌಂದರ್ಯಸಾಮಗ್ರಿಗಳ ವಿಷಯದಲ್ಲಿಯೂ ಹಾಗೆಯೇ ಮಾಡಬೇಕು. ಎರಡನೆಯದು ಗಣಾಚಾರ. ಅನ್ಯಾಯವನ್ನು ಕಂಡು ಸುಮ್ಮನಿರದೆ, ಒಂದುಗೂಡಿ, ಕಾನೂನಿನ ಮಾರ್ಗದಲ್ಲಿ ಮಾತನಾಡಬೇಕು. ಬೀಗ ಮುರಿದು ಪ್ರಾಣಿಗಳನ್ನೊಯ್ಯುವುದು ಗಣಾಚಾರವಾಗದು. ಕಳವನ್ನು ನಿಷೇಧಿಸಿದ ಧರ್ಮವು ಒಳ್ಳೆಯ ಉದ್ದೇಶಕ್ಕೂ ಅದನ್ನು ಒಪ್ಪದು. ಮೂರನೆಯದು ದಾಸೋಹ. ಬಿಡುಗಡೆಯಾದ ನಾಯಿಯು ಹುಲ್ಲನ್ನು ತುಳಿದರಿಯದು, ಮೆಟ್ಟಿಲನ್ನು ಹತ್ತಲರಿಯದು, ತೆರೆದ ಬಾಗಿಲಿಗೂ ಅಂಜುವುದು. ಅದಕ್ಕೊಂದು ಮೂಲೆಯನ್ನೂ ಅನ್ನವನ್ನೂ ಕೊಟ್ಟು ತಾಳ್ಮೆಯಿಂದ ಕಾಯುವುದು ಅನುಕೂಲವಿರುವ ಮನೆಗೆ ಸಲ್ಲುವ ಸೇವೆ.

ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಪೂಜಿಸುವ ಕೈಯೇ ಅಂಗಡಿಯಲ್ಲಿ ಹಣವನ್ನೂ ಕೊಡುವುದು. ಆ ಎರಡು ಕಾರ್ಯಗಳ ನಡುವೆ ವಿರೋಧವಿಲ್ಲದಂತೆ ಬಾಳುವುದೇ ಶರಣರು ತೋರಿದ ನಡೆನುಡಿಗಳ ಐಕ್ಯವು.