ದುಃಖಪಟ್ಟು ಹೊರಟುಹೋದವನು

ನಿತ್ಯಜೀವದ ದಾರಿಯನ್ನು ಕೇಳಬಂದ ಐಶ್ವರ್ಯವಂತನ ಸಂಗತಿಯನ್ನು ಮೂವರು ಸುವಾರ್ತಿಕರು ಬರೆದಿದ್ದಾರೆ. ಆದರೆ ಯೇಸುಸ್ವಾಮಿಯು ಅವನನ್ನು ದೃಷ್ಟಿಸಿ ಪ್ರೀತಿಸಿದನೆಂಬ ಮಾತು ಮಾರ್ಕನ 10ನೆಯ ಅಧ್ಯಾಯದಲ್ಲಿ ಮಾತ್ರ ಉಂಟು. ಪ್ರೀತಿಸಿಯೇ, ಆಸ್ತಿಯನ್ನು ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸಬೇಕೆಂದು ಕರೆದನು. ಅವನೋ ದುಃಖಪಟ್ಟು ಹೊರಟುಹೋದನು.

ಕರ್ತನು ಅವನನ್ನು ತಡೆಯಲಿಲ್ಲ. ಅರ್ಧ ಆಸ್ತಿ ಸಾಕೆಂದು ಕರೆಯನ್ನು ತಗ್ಗಿಸಲೂ ಇಲ್ಲ. ಗಾಳಿಗೂ ಸಮುದ್ರಕ್ಕೂ ಅಪ್ಪಣೆಕೊಟ್ಟವನು ಒಬ್ಬ ಮನುಷ್ಯನನ್ನು ನಿಲ್ಲಿಸಲಾರದೆ ಹೋದನೋ? ಹಾಗಲ್ಲ. ಮೂಗುದಾರ ಹಿಡಿದೆಳೆದರೆ ಎತ್ತು ಬಂದೀತು, ಪ್ರೀತಿ ಬಾರದು.

ಸಭೆಯನ್ನು ಬಿಟ್ಟುಹೋದ ಮಗನಿಗಾಗಿ ಅಳುವ ತಾಯಂದಿರು, ದೇವರು ಅವನನ್ನು ಏಕೆ ಕಟ್ಟಿಹಾಕಲಿಲ್ಲವೆಂದು ಕೇಳುತ್ತಾರೆ. ಹಾಗೆ ಕೇಳುವವರನ್ನು ಗದರಿಸಬಾರದು. ಅದೇ ಅಧ್ಯಾಯದ 27ನೆಯ ವಚನವನ್ನೂ ಓದಿರಿ: ಮನುಷ್ಯರಿಗೆ ಅಸಾಧ್ಯವಾದದ್ದು ದೇವರಿಗೆ ಸಾಧ್ಯವೆಂದು, ಆ ಐಶ್ವರ್ಯವಂತನು ಹೋದ ಮೇಲೆ ಸ್ವಾಮಿಯು ಶಿಷ್ಯರಿಗೆ ಹೇಳಿದನು. ಅವನು ತಿರುಗಿಬಂದನೋ ಇಲ್ಲವೋ ಮಾರ್ಕನು ಬರೆಯಲಿಲ್ಲ.