ದೆಸೆಯರಿತ ವೇಗ: ಚಲನೆಯ ಪಾಠದಲ್ಲಿ ಭೂಪಟದ ಬಳಕೆ

ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರು ಒಂದು ದಿನ ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಯೊಂದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ‘ಜವಕ್ಕೂ ವೇಗಕ್ಕೂ ಇರುವ ವ್ಯತ್ಯಾಸವೇನು?’ ಎಂಬ ಪ್ರಶ್ನೆಗೆ ಹುಡುಗನೊಬ್ಬನು ‘ವ್ಯತ್ಯಾಸವಿಲ್ಲ, ಎರಡೂ ಪರ್ಯಾಯಪದಗಳು’ ಎಂದು ದುಂಡಾದ ಅಕ್ಷರಗಳಲ್ಲಿ ಬರೆದಿದ್ದನು. ಅಂಕ ಸೊನ್ನೆ. ಕಾರಣ ಕೇಳಿದಾಗ ಅವನು, ‘ಕನ್ನಡದ ಗುರುಗಳೇ ಹಾಗೆ ಬರೆಸ್ಯಾರಲ್ರೀ’ ಎಂದನಂತೆ. ಬರೆಸಿದ್ದು ನಿಜ. ಅಮರಕೋಶದಲ್ಲಿ ವೇಗವಾಚಕಗಳ ಸಾಲಿನಲ್ಲಿ ‘ಜವ’ ಎಂಬ ಪದವಿದೆ. ಅದನ್ನು ನಂಬಿ ನಾನು ವರ್ಷವರ್ಷವೂ ಹಾಗೆಯೇ ಪಾಠ ಹೇಳುತ್ತ ಬಂದಿದ್ದೇನೆ. ನನ್ನ ಪಾಠದಲ್ಲಿ ಸರಿಯಾದ ಉತ್ತರವು ಪಕ್ಕದ ಕೊಠಡಿಯಲ್ಲಿ ತಪ್ಪಾಗುವುದಾದರೆ, ಪೆಟ್ಟು ಬೀಳುವುದು ನಮ್ಮಿಬ್ಬರಿಗೂ ಅಲ್ಲ, ಆ ಹುಡುಗನಿಗೆ. ಆ ಕಾರಣದಿಂದ ಕನ್ನಡ ಪಂಡಿತನಾದ ನಾನು ಚಲನೆಯ ಪಾಠಕ್ಕೆ ಕೈಹಾಕಬೇಕಾಯಿತು. ಆ ವಾರ ಇಬ್ಬರೂ ಸೇರಿ ನಡೆಸಿದ ಪಾಠದ ವೃತ್ತಾಂತವನ್ನು ಸಹೃದಯರ ಮುಂದೆ ಇಡುತ್ತಿದ್ದೇನೆ.

ಮೊದಲು ಪದಗಳ ಮಾತು. ಭೌತಶಾಸ್ತ್ರದಲ್ಲಿ ಜವವೆಂದರೆ ಏಕಮಾನ ಕಾಲದಲ್ಲಿ ಕ್ರಮಿಸಿದ ದೂರ. ಅದಕ್ಕೆ ಪರಿಮಾಣ ಮಾತ್ರ ಉಂಟು, ಆದುದರಿಂದ ಅದು ಅದಿಶ. ವೇಗವೆಂದರೆ ಏಕಮಾನ ಕಾಲದಲ್ಲಿ ಆದ ಸ್ಥಾನಪಲ್ಲಟ. ಅದಕ್ಕೆ ಪರಿಮಾಣದೊಡನೆ ದಿಕ್ಕೂ ಉಂಟು, ಆದುದರಿಂದ ಅದು ಸದಿಶ. ‘ದಿಶೆಯಿಂದ ಕೂಡಿದುದು ಯಾವುದೋ ಅದು’ ಎಂದು ಬಹುವ್ರೀಹಿಯಾಗಿ ಬಿಡಿಸಿದರೆ ಲಕ್ಷಣವು ಪದದೊಳಗೇ ಇದೆ. ಇಷ್ಟು ಸ್ವಚ್ಛವಾದ ಪಾರಿಭಾಷಿಕ ಶಬ್ದವನ್ನು ಕೊಟ್ಟವರು ಯಾರೇ ಇರಲಿ, ಅವರಿಗೆ ವಂದನೆ. ಆದರೆ ಅದನ್ನು ಬಾಯಿಪಾಠ ಮಾಡುವ ಮಕ್ಕಳಲ್ಲಿ ಒಬ್ಬರೂ ಅದನ್ನು ಬಿಡಿಸಿ ನೋಡಿರಲಿಲ್ಲ. ನಾವು ಬಿಡಿಸಿ ತೋರಿಸಿಯೂ ಇರಲಿಲ್ಲ.

‘ದಿಶೆ’ಯ ತದ್ಭವ ‘ದೆಸೆ’. ಈ ದೆಸೆಯನ್ನು ಮಕ್ಕಳು ದಿನವೂ ಉಚ್ಚರಿಸುತ್ತಾರೆ. ಪಂಚಮೀ ವಿಭಕ್ತಿಯ ಪ್ರತ್ಯಯ ಯಾವುದು? ‘ದೆಸೆಯಿಂದ’. ಯಾವುದನ್ನು ಬಿಟ್ಟು ಹೊರಟೆವೋ ಅದು ಅಪಾದಾನ. ಅದನ್ನು ಹೇಳುವಾಗ ಕನ್ನಡವು ದಿಕ್ಕನ್ನೇ ಎತ್ತಿ ಹೇಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳುವ ಪಂಚಮೀ ಪ್ರತ್ಯಯವಾದ ‘ಅತ್ತಣಿಂ’ ಎಂಬುದರಲ್ಲಿಯೂ ‘ಅತ್ತ’ ಎಂಬ ದಿಗ್ವಾಚಕವೇ ಕುಳಿತಿದೆ. ಇರುವ ಎಡೆಗೆ ಸಪ್ತಮಿ, ಬಿಟ್ಟ ಎಡೆಗೆ ಪಂಚಮಿ, ಸೇರುವ ಎಡೆಗೆ ಚತುರ್ಥಿ. ‘ಊರಲ್ಲಿ’ ಎಂದರೆ ಸ್ಥಾನ; ‘ಊರಿಂದ ಹೊಲಕ್ಕೆ’ ಎಂದರೆ ಸ್ಥಾನಪಲ್ಲಟ. ಈ ಎರಡನೆಯದರಲ್ಲಿ ನಡುವಿನ ದಾರಿಯ ಸುದ್ದಿಯೇ ಇಲ್ಲವೆಂಬುದನ್ನು ಗಮನಿಸಬೇಕು. ಹುಡುಗನು ಹಳ್ಳದ ಗುಂಟ ಸುತ್ತಿ ಹೋದನೋ, ಬದುವಿನ ಮೇಲೆ ನೇರವಾಗಿ ಹೋದನೋ, ವಿಭಕ್ತಿಗಳು ಕೇಳುವುದಿಲ್ಲ, ಸ್ಥಾನಪಲ್ಲಟವೂ ಕೇಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವೈಶೇಷಿಕರು ವೇಗವನ್ನು ಸಂಸ್ಕಾರವೆಂಬ ಗುಣದ ಒಂದು ಭೇದವಾಗಿ ಎಣಿಸಿದ್ದಾರೆ. ನಿಯತವಾದ ದಿಕ್ಕಿನಲ್ಲಿ ಕ್ರಿಯೆಯು ಎಡೆಬಿಡದೆ ಸಾಗಲು ಅದು ಹೇತು ಎಂದು ಪ್ರಶಸ್ತಪಾದನ ಭಾಷ್ಯವು ಹೇಳುತ್ತದೆ. ದಿಕ್ಕನ್ನು ಅವರು ನವದ್ರವ್ಯಗಳಲ್ಲಿ ಒಂದಾಗಿ ಇಟ್ಟಿದ್ದಾರೆ. ಸದಿಶವಾದುದಕ್ಕೆ ‘ವೇಗ’ವೆಂಬ ಹೆಸರು ಒಪ್ಪುತ್ತದೆ ಎನ್ನಲು ಇಷ್ಟು ಸಾಕು. ‘ಭೌತಶಾಸ್ತ್ರವೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಇದರಿಂದ ಹೇಳಹೊರಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಮಾಡುವ ಅಪಚಾರ. ವೈಶೇಷಿಕರ ವೇಗವು ಚಲನೆಗೆ ಕಾರಣವಾದ ಗುಣ. ಇಂದಿನ ವೇಗವು ಚಲನೆಯ ಅಳತೆ. ಇವೆರಡರ ನಡುವಣ ಅಂತರ ದೊಡ್ಡದು.

ಇನ್ನು ಭೂಪಟ. ಮೊದಲ ದಿನ ಗೋಡೆಯ ಭೂಪಟದ ಮುಂದೆ ಒಬ್ಬ ಜಾಣ ಹುಡುಗಿಯನ್ನು ನಿಲ್ಲಿಸಿ ‘ಉತ್ತರ ಎಲ್ಲಿದೆ, ತಾಯಿ?’ ಎಂದು ಕೇಳಿದೆ. ಅವಳು ಬೆರಳನ್ನು ಮಾಡಿಗೆ ತೋರಿಸಿದಳು! ತಪ್ಪು ಅವಳದಲ್ಲ. ಪಶ್ಚಿಮದ ಗೋಡೆಗೆ ಪಟವನ್ನು ತೂಗುಹಾಕಿ ‘ಮೇಲೆ ಉತ್ತರ, ಕೆಳಗೆ ದಕ್ಷಿಣ’ ಎಂದು ನಾವು ಕಲಿಸಿದ್ದರ ಫಲವದು. ಆ ಮಗು ಮನೆಯಲ್ಲಿ ಮೂಡಣ, ಪಡುವಣ, ತೆಂಕಣ, ಬಡಗಣಗಳನ್ನು ತಪ್ಪದೆ ಬಲ್ಲಳು. ಶಾಲೆಗೆ ಬಂದು ಕಳೆದುಕೊಂಡಳು. ಕೂಡಲೇ ಪಟವನ್ನು ಗೋಡೆಯಿಂದ ಇಳಿಸಿ ಅಂಗಳದ ನೆಲದ ಮೇಲೆ ಹಾಸಿದೆವು.

ಹಾಸಿದ ಮೇಲೆ ಅದರ ಉತ್ತರವನ್ನು ನೆಲದ ಉತ್ತರಕ್ಕೆ ಹೊಂದಿಸಬೇಕಷ್ಟೆ? ದಿಕ್ಸೂಚಿ ನಮ್ಮಲ್ಲಿ ಇದ್ದದ್ದು ಒಂದೇ, ಅದರ ಸೂಜಿಯೂ ಅಲುಗುತ್ತಿರಲಿಲ್ಲ. ಆಗ ನಾನು ಪಾಠಶಾಲೆಯಲ್ಲಿ ಕಲಿತಿದ್ದ ಶಂಕುವಿನ ಕ್ರಮವು ನೆರವಿಗೆ ಬಂತು. ಮಟ್ಟಸವಾದ ನೆಲದಲ್ಲಿ ನೇರವಾದ ಕೋಲೊಂದನ್ನು ನೆಟ್ಟು, ಅದರ ಬುಡವನ್ನು ಕೇಂದ್ರವಾಗಿಸಿ ಒಂದು ವೃತ್ತವನ್ನು ಎಳೆಯುವುದು. ಪೂರ್ವಾಹ್ನದಲ್ಲಿ ಕುಗ್ಗುತ್ತಿರುವ ನೆರಳಿನ ತುದಿಯು ವೃತ್ತವನ್ನು ಒಳಹೊಗುವ ಎಡೆಯಲ್ಲಿ ಒಂದು ಗುರುತು; ಅಪರಾಹ್ನದಲ್ಲಿ ಬೆಳೆಯುತ್ತಿರುವ ನೆರಳು ವೃತ್ತದಿಂದ ಹೊರಬೀಳುವ ಎಡೆಯಲ್ಲಿ ಇನ್ನೊಂದು ಗುರುತು. ಎರಡನ್ನೂ ಕೂಡಿಸಿದರೆ ಪೂರ್ವಪಶ್ಚಿಮ ರೇಖೆ; ಅದಕ್ಕೆ ಲಂಬವಾಗಿ ಎಳೆದದ್ದು ದಕ್ಷಿಣೋತ್ತರ ರೇಖೆ. ಎರಡು ಗುರುತುಗಳ ನಡುವೆ ಸೂರ್ಯನ ಕ್ರಾಂತಿಯು ತುಸು ಬದಲಾಗುವುದರಿಂದ ಕೂದಲೆಳೆಯಷ್ಟು ದೋಷ ಬರುತ್ತದೆ; ಶಾಲೆಯ ಅಂಗಳಕ್ಕೆ ಅದು ಲೆಕ್ಕಕ್ಕಿಲ್ಲ. ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಆ ನೆರಳನ್ನು ಕಾದರು. ಆಟಕ್ಕೆ ಕರೆದರೂ ಇಬ್ಬರು ಕದಲಲಿಲ್ಲ.

ಮರುದಿನ ಧ್ವಜಸ್ತಂಭವನ್ನು ಮೂಲಬಿಂದುವಾಗಿ ಇಟ್ಟುಕೊಂಡೆವು. ಅಲ್ಲಿಂದ ನೇರ ಪೂರ್ವಕ್ಕೆ 120 ಹೆಜ್ಜೆ ನಡೆದರೆ ಬಾವಿ. ಬಾವಿಯಿಂದ ನೇರ ಉತ್ತರಕ್ಕೆ 50 ಹೆಜ್ಜೆ ನಡೆದರೆ ಪ್ರಸಾದ ನಿಲಯದ ಬಾಗಿಲು. ಪೂರ್ವವನ್ನು ಮೊದಲು, ಉತ್ತರವನ್ನು ಅನಂತರ ಬರೆಯುವ ನಿಯಮದಂತೆ ಬಾವಿಯ ನಿರ್ದೇಶಾಂಕ (120, 0), ಪ್ರಸಾದ ನಿಲಯದ್ದು (120, 50). ನಡೆದ ದೂರ 170 ಹೆಜ್ಜೆ. ಧ್ವಜಸ್ತಂಭದಿಂದ ಬಾಗಿಲಿಗೆ ಹಗ್ಗ ಹಿಡಿದು ಅದರ ಗುಂಟ ಎಣಿಸಿದಾಗ 130 ಬಂತು. 120ರ ವರ್ಗ, 50ರ ವರ್ಗ, ಎರಡರ ಮೊತ್ತದ ವರ್ಗಮೂಲ, ಎಂದು ಗಣಿತದ ಅಧ್ಯಾಪಕರು ಕಿಟಕಿಯಿಂದಲೇ ಕೂಗಿ ಹೇಳಿದರು.

ಅನಂತರ ಒಬ್ಬನು ತಕರಾರು ತೆಗೆದನು: ‘ಮೂಲಬಿಂದು ಕಂಬದಾಗ ಯಾಕ್ರೀ, ಬಾವ್ಯಾಗ ಯಾಕಿರಬಾರ್ದು?’ ಇಡೀ ಪಾಠದಲ್ಲಿ ಇದಕ್ಕಿಂತ ಉತ್ತಮವಾದ ಪ್ರಶ್ನೆ ಹುಟ್ಟಲಿಲ್ಲ. ಆಗಲೆಂದು ಬಾವಿಗೇ ಕೊಟ್ಟೆವು. ಆಗ ಕಂಬವು (−120, 0) ಆಯಿತು, ಬಾಗಿಲು (0, 50) ಆಯಿತು. ಎಲ್ಲದರ ಸ್ಥಾನವೂ ಬದಲಾಯಿತು. ಆದರೆ ಕಂಬದಿಂದ ಬಾಗಿಲಿಗೆ ಎಷ್ಟು ಪೂರ್ವ, ಎಷ್ಟು ಉತ್ತರ ಎಂದು ಕಳೆದು ನೋಡಿದರೆ ಮತ್ತೆ 120, ಮತ್ತೆ 50. ಸ್ಥಾನವು ನಾವು ಎಲ್ಲಿ ನಿಂತು ಅಳೆಯುತ್ತೇವೆ ಎಂಬುದನ್ನು ಆಶ್ರಯಿಸಿದೆ, ಸ್ಥಾನಪಲ್ಲಟವು ಆಶ್ರಯಿಸಿಲ್ಲ. ಹಲಗೆಯ ಮೇಲೆ ಹತ್ತು ಸಲ ಬರೆದರೂ ಹತ್ತದ ಮಾತು ಹೀಗೆ ಹತ್ತಿತು.

ಮರಳಿ ಕಂಬದ ಬಳಿಗೆ ಬಂದಾಗ ‘ಈಗ ನಿಮ್ಮ ಸ್ಥಾನಪಲ್ಲಟ ಸೊನ್ನೆ’ ಎಂದೆ. ‘ಇಷ್ಟು ನಡದು ಕಾಲು ನೊಂದಾವ್ರೀ ಗುರುಗಳ, ನೀವು ಸೊನ್ನಿ ಅಂತೀರಿ!’ ಎಂದಳು ಒಬ್ಬಳು. ನೋವು ದೂರಕ್ಕೆ ಸೇರಿದ್ದು ಎಂದು ಸಮಾಧಾನ ಹೇಳಿದೆ. ನನ್ನ ಮನಸ್ಸಿಗೆ ಆಗ ಬಂದದ್ದು ನಮ್ಮ ದತ್ತಿಶಾಸನಗಳ ಎಲ್ಲೆಕಟ್ಟು. ಭೂಮಿಯನ್ನು ದಾನ ಕೊಟ್ಟಾಗ ಶಾಸನಕಾರರು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಮೇರೆಗಳನ್ನು ಸಾಲಾಗಿ ಹೇಳುತ್ತಾರೆ; ನಟ್ಟ ಕಲ್ಲು, ಹುಣಿಸೆಯ ಮರ, ಕೆರೆಯ ಕೋಡಿ, ಹಳ್ಳ ಎಂದು ಸುತ್ತುವರಿಯುತ್ತಾರೆ. ಆ ಸುತ್ತು ಹೊರಟ ಕಲ್ಲಿಗೇ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಎಲ್ಲಿಯೋ ಒಂದು ಮೇರೆಯನ್ನು ತಪ್ಪು ಹೇಳಿದೆಯೆಂದೇ ಅರ್ಥ. ಸದಿಶಗಳ ಮೊತ್ತ ಸೊನ್ನೆಯಾಗುವುದು ಇಲ್ಲಿ ವ್ಯರ್ಥವಲ್ಲ, ಲೆಕ್ಕವು ಸರಿಯೆಂಬುದಕ್ಕೆ ಸಾಕ್ಷಿ. ಹೊಲದ ಬದುವಿನ ವ್ಯಾಜ್ಯವನ್ನು ಕಂಡ ಮನೆಯ ಮಕ್ಕಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಅಂಗಳದಿಂದ ನಾಡಿಗೆ ಹೋಗುವುದು ಮುಂದಿನ ಹೆಜ್ಜೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ವಿಜಯಪುರ ಜಿಲ್ಲೆಯವರಾದುದರಿಂದ ಧಾರವಾಡದಿಂದ ವಿಜಯಪುರಕ್ಕೆ ಹೋಗುವ ಬಸ್ಸನ್ನು ಆರಿಸಿಕೊಂಡೆವು. ಧಾರವಾಡದ ಅಕ್ಷಾಂಶ ಸುಮಾರು 15 ಅಂಶ 27 ಕಲೆ ಉತ್ತರ. ರೇಖಾಂಶ ಹೆಚ್ಚುಕಡಿಮೆ ಸರಿಯಾಗಿ 75 ಅಂಶ ಪೂರ್ವ. ವಿಜಯಪುರದ್ದು 16 ಅಂಶ 50 ಕಲೆ ಉತ್ತರ, 75 ಅಂಶ 43 ಕಲೆ ಪೂರ್ವ. ಒಂದು ಅಂಶ ಅಕ್ಷಾಂಶಕ್ಕೆ ನೆಲದ ಮೇಲೆ ಸುಮಾರು 111 ಕಿಲೋಮೀಟರು. ರೇಖಾಂಶಗಳಾದರೋ ಧ್ರುವದ ಕಡೆಗೆ ಸಾಗಿದಂತೆ ಒಂದನ್ನೊಂದು ಸಮೀಪಿಸುತ್ತವೆ. ನಮ್ಮ ಭಾಗದಲ್ಲಿ ಒಂದು ಅಂಶಕ್ಕೆ ಸುಮಾರು 107 ಕಿಲೋಮೀಟರು ಮಾತ್ರ. ಲೆಕ್ಕ ಹಾಕಿದರೆ ವಿಜಯಪುರವು ಧಾರವಾಡಕ್ಕೆ ಸುಮಾರು 153 ಕಿಲೋಮೀಟರು ಉತ್ತರಕ್ಕೂ 77 ಕಿಲೋಮೀಟರು ಪೂರ್ವಕ್ಕೂ ಇದೆ. ನೇರವಾದ ಗೆರೆ ಸುಮಾರು 171 ಕಿಲೋಮೀಟರು; ಅದರ ದಿಕ್ಕು ಉತ್ತರದಿಂದ ಪೂರ್ವಕ್ಕೆ 27 ಅಂಶದಷ್ಟು ಓರೆ. ರಸ್ತೆಯ ದೂರವನ್ನು 200 ಕಿಲೋಮೀಟರೆಂದೂ ಪ್ರಯಾಣವನ್ನು ಐದು ಗಂಟೆಯೆಂದೂ ಇಟ್ಟುಕೊಂಡರೆ ಬಸ್ಸಿನ ಸರಾಸರಿ ಜವ ಗಂಟೆಗೆ 40 ಕಿಲೋಮೀಟರು. ಸರಾಸರಿ ವೇಗವೋ, ಆ ಓರೆಯ ದಿಕ್ಕಿನಲ್ಲಿ ಗಂಟೆಗೆ ಸುಮಾರು 34 ಕಿಲೋಮೀಟರು. ಸೊನ್ನೆ ಅಂಕ ಪಡೆದಿದ್ದ ಹುಡುಗನೇ ಕೊನೆಯ ಭಾಗಾಕಾರವನ್ನು ಮಾಡಿದನು. ‘ಎರಡೂ ಒಂದೇ ಇದ್ದಿದ್ರ ಈ ಆರು ಎಲ್ಲಿ ಹೋತ್ರೀ?’ ಎಂದು ತನ್ನನ್ನೇ ಕೇಳಿಕೊಂಡಂತೆ ಕೇಳಿದನು.

ಅಕ್ಷಾಂಶ ರೇಖಾಂಶಗಳು ಆಕಾಶದಿಂದ ಉದುರಿದವಲ್ಲ ಎಂಬುದನ್ನೂ ಹೇಳಿದೆವು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬವರು ಮದರಾಸಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಆಧಾರರೇಖೆಯನ್ನು ಸರಪಣಿಯಿಂದ ಅಳೆದು, ಉಳಿದುದನ್ನು ಕೋನಗಳನ್ನು ಹಿಡಿದು ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತ ಸಾಗಿದರು. ಅವರ ಕಾಲಾನಂತರವೂ ಮುಂದುವರಿದ ಆ ಜಾಲವು ಹಿಮಾಲಯವನ್ನು ಮುಟ್ಟಿತು.

ಎರಡು ವೇಗಗಳು ಕೂಡುವುದನ್ನು ತಿಳಿಸಲು ಹರಿಗೋಲಿಗಿಂತ ಒಳ್ಳೆಯ ನಿದರ್ಶನ ನನಗೆ ತೋರಲಿಲ್ಲ. ಹಂಪೆಯ ಕಡೆಯಿಂದ ಆನೆಗೊಂದಿಗೆ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಗೊತ್ತು: ನೀರಿನ ಸೆಳೆತವಿದ್ದಾಗ ಎದುರಿನ ಕಟ್ಟೆಗೆ ಗುರಿಯಿಟ್ಟು ಹುಟ್ಟು ಹಾಕಿದರೆ ಆ ಕಟ್ಟೆಯನ್ನು ಸೇರಲಾಗುವುದಿಲ್ಲ. ಹೊಳೆಯ ಅಗಲ 200 ಮೀಟರು, ಅಂಬಿಗನು ಅಡ್ಡಲಾಗಿ ಗಂಟೆಗೆ 4 ಕಿಲೋಮೀಟರಿನಂತೆ ಸಾಗಿಸುತ್ತಾನೆ, ಹೊಳೆಯು ಗಂಟೆಗೆ 3 ಕಿಲೋಮೀಟರಿನಂತೆ ಹರಿಯುತ್ತದೆ ಎನ್ನಿ. ದಾಟಲು ಮೂರು ನಿಮಿಷ. ಅಷ್ಟರಲ್ಲಿ ಹೊಳೆಯು ಅವನನ್ನು 150 ಮೀಟರು ಕೆಳಕ್ಕೆ ಒಯ್ದಿರುತ್ತದೆ. ಅವನು ಸಾಗಿದ ಗೆರೆ 250 ಮೀಟರು, ಕೂಡಿದ ವೇಗ ಗಂಟೆಗೆ 5 ಕಿಲೋಮೀಟರು. ಮೂರೂ ನಾಲ್ಕೂ ಏಳಾಗಲಿಲ್ಲವಲ್ಲ ಎಂದು ಮಕ್ಕಳಿಗೆ ಬೆರಗು. ದಿಕ್ಕು ಬೇರೆಯಾದಾಗ ಕೂಡುವ ಬಗೆಯೂ ಬೇರೆ. ಅಂಬಿಗನಿಗೆ ಈ ಲೆಕ್ಕ ಬೇಡ. ಅವನು ದಡದಗುಂಟ ಹರಿಗೋಲನ್ನು ಮೇಲಕ್ಕೆ ಎಳೆದೊಯ್ದು ಅಲ್ಲಿಂದ ಬಿಡುತ್ತಾನೆ.

ಈಗಿನ ಮಕ್ಕಳ ಮನೆಗಳಲ್ಲಿ ಮೊಬೈಲುಗಳಿವೆ. ಅವು ನಿಂತ ನೆಲದ ನಿರ್ದೇಶಾಂಕವನ್ನು ಚಣದಲ್ಲಿ ತೋರಿಸುತ್ತವೆ. ನಮ್ಮ ದೇಶದ ಸ್ಥಾನದರ್ಶಕ ಉಪಗ್ರಹಗಳ ಸಮೂಹಕ್ಕೆ 2016ರಲ್ಲಿ ‘ನಾವಿಕ್’ ಎಂಬ ಹೆಸರಿಟ್ಟರು. ಅದು ನಮ್ಮ ಅಂಬಿಗನೇ ಎಂದು ಹೇಳಿದಾಗ ತರಗತಿಯು ನಕ್ಕಿತು. ಯಂತ್ರವಿದೆಯೆಂದು ಅಂಗಳದ ಪಾಠವನ್ನು ಬಿಡಲಾಗದು. ನೀಲಿಯ ಚುಕ್ಕೆಯನ್ನು ಕಂಡವನಿಗೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಯಾವುದರಿಂದ ಎಂಬುದು ತಿಳಿಯುವುದಿಲ್ಲ. ಆ ಪಂಚಮಿಯನ್ನು ಕಾಲಿನಿಂದಲೇ ಕಲಿಯಬೇಕು.

ಈ ಪಾಠಕ್ಕೆ ಬೇಕಾದ ಸಾಮಗ್ರಿ ಬಹಳವಿಲ್ಲ. ನೆಟ್ಟಗೆ ನಡೆಯುವ ಹತ್ತು ದಿಕ್ಸೂಚಿಗಳು, ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರಿನ ಪ್ರಮಾಣದಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯು ಮುದ್ರಿಸುವ ನಮ್ಮ ಸೀಮೆಯ ಭೂಪಟ, ಚೌಕುಳಿ ಹಾಳೆಗಳು. ಮಗುವು ತನ್ನ ಊರಿನ ಹಳ್ಳವನ್ನೂ ಕೆರೆಯನ್ನೂ ಆ ಪಟದಲ್ಲಿ ಬೆರಳಿಟ್ಟು ಗುರುತಿಸುವ ಹೊತ್ತನ್ನು ದಾನಿಗಳು ಒಮ್ಮೆ ಬಂದು ನೋಡಬೇಕೆಂದು ಬಿನ್ನಹ. ನಾನಂತೂ ಪರ್ಯಾಯಪದಗಳ ಪಾಠದಲ್ಲಿ ಈಗ ಒಂದು ಸಾಲನ್ನು ಸೇರಿಸಿದ್ದೇನೆ: ಕಾವ್ಯದಲ್ಲಿ ಜವವೂ ವೇಗವೂ ಒಂದೆ, ವಿಜ್ಞಾನದಲ್ಲಿ ಬೇರೆ. ‘ಯಮ’ನ ತದ್ಭವವೂ ‘ಜವ’ನೇ ಎಂದು ಹೇಳುವುದನ್ನು ಮಾತ್ರ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿದಿದ್ದೇನೆ.

ಅಂಗಳದಲ್ಲಿ ಎಳೆದಿದ್ದ ಸುಣ್ಣದ ಗೆರೆಯು ಮಳೆಗೆ ತೊಳೆದುಹೋಯಿತು. ಅದರ ಎರಡು ತುದಿಗಳಲ್ಲಿ ಕಲ್ಲು ನೆಡಿಸಿದ್ದೇವೆ. ಶಾಲೆಗೆ ಬರುವ ಹಳೆಯ ವಿದ್ಯಾರ್ಥಿಗಳು ಅವನ್ನು ಯಾರದೋ ಹೊಲದ ಮೇರೆಗಲ್ಲೆಂದು ಭಾವಿಸಿ ಕೀಳದಿರಲಿ.